ಕಡತದ ಬಾಳಿಕೆ: ತಾಳೆಯೋಲೆಯಿಂದ ಗಣಕಯಂತ್ರದವರೆಗೆ

ಗಣಕಯಂತ್ರದಲ್ಲಿ ಬರಹವನ್ನಾಗಲಿ ಛಾಯಾಚಿತ್ರವನ್ನಾಗಲಿ ಕೂಡಿಡುವ ಘಟಕಕ್ಕೆ ಕನ್ನಡಿಗರು ‘ಕಡತ’ವೆಂಬ ಹೆಸರನ್ನು ಕೊಟ್ಟಿದ್ದಾರೆ. ಹೆಸರು ಹೊಸದಲ್ಲ. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿದ ಕಪ್ಪು ಪುಸ್ತಕವೇ ಮೂಲದ ಕಡತ. ವರ್ತಕರೂ ಮಠಗಳ ಪಾರುಪತ್ಯಗಾರರೂ ಬಳಪದಿಂದ ಅದರಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸದ ಆಕರಗಳಾಗಿ ಪ್ರಸಿದ್ಧವಾಗಿವೆ. ಕಡತದ ಅನುಕೂಲವೂ ಅಪಾಯವೂ ಒಂದೇ: ಬರೆದುದನ್ನು ಒರೆಸಿ ಮತ್ತೆ ಬರೆಯಬಹುದು. ಆದುದರಿಂದಲೇ ದೈನಂದಿನ ವ್ಯವಹಾರಕ್ಕೆ ಕಡತ, ಆಚಂದ್ರಾರ್ಕವಾಗಿ ನಿಲ್ಲಬೇಕಾದ ದತ್ತಿಗೆ ಶಿಲೆ ಅಥವಾ ತಾಮ್ರಪಟ ಎಂಬ ವಿವೇಕ ಹಿಂದಿನವರಲ್ಲಿತ್ತು. ಗಣಕಯಂತ್ರದ ಬಳಕೆಯಲ್ಲಿ ಈ ವಿಭಾಗ ಬಹುಮಟ್ಟಿಗೆ ಅಳಿಸಿಹೋಗಿದೆ; ಅಂದಿನ ಚೀಟಿಯೂ ಶಾಶ್ವತ ದಾಖಲೆಯೂ ಒಂದೇ ಪೆಟ್ಟಿಗೆಯಲ್ಲಿ ಬಿದ್ದಿರುತ್ತವೆ.

ಹಾಗೆಂದು ವಸ್ತುವಿನ ಗಟ್ಟಿತನವೊಂದೇ ಬಾಳಿಕೆಗೆ ಕಾರಣವೆಂದು ಭಾವಿಸಲಾಗದು. ತಾಳೆಯೋಲೆಯು ಗೆದ್ದಲಿಗೂ ತೇವಕ್ಕೂ ಬೆಂಕಿಗೂ ಸುಲಭದ ತುತ್ತು. 10ನೆಯ ಶತಮಾನದ ಉತ್ತರಾರ್ಧದಲ್ಲಿ ಚಾಲುಕ್ಯರ ಸೇನಾನಿ ನಾಗದೇವನ ಪತ್ನಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು 1000 ಪ್ರತಿಗಳಾಗಿ ಬರೆಯಿಸಿ ಹಂಚಿದಳು. ರನ್ನನು 993ರಲ್ಲಿ ಮುಗಿಸಿದ ಅಜಿತಪುರಾಣಕ್ಕೆ ಆಶ್ರಯವಿತ್ತವಳೂ ಈಕೆಯೇ. ಒಂದು ಬಸದಿಯ ಓಲೆ ಹಾಳಾದರೆ ಮತ್ತೊಂದು ಊರಿನದು ಉಳಿದೀತು. ಪೊನ್ನನ ಭುವನೈಕರಾಮಾಭ್ಯುದಯ ಇಂದು ಉಪಲಬ್ಧವಿಲ್ಲ, ಶಾಂತಿಪುರಾಣ ಉಳಿದಿದೆ. ಇದಕ್ಕೆ ಆ ದಾನವೊಂದೇ ಕಾರಣವೆಂದು ಸಾಧಿಸಲಾಗದಿದ್ದರೂ, ಈ ವ್ಯತ್ಯಾಸ ಗಮನಾರ್ಹವಾಗಿದೆ.

ಪ್ರತಿ ಉಳಿದರೆ ಸಾಲದು, ಅದನ್ನು ಓದಬಲ್ಲವರೂ ಉಳಿಯಬೇಕು. ದಿಗಂಬರ ಜೈನರ ಷಟ್‌ಖಂಡಾಗಮವೂ ಅದರ ಮೇಲೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯೂ ಶತಮಾನಗಳ ಕಾಲ ಮೂಡಬಿದಿರೆಯ ಬಸದಿಯೊಂದರಲ್ಲಿ ಮಾತ್ರ ಉಳಿದಿದ್ದವು. ಭಾಷೆ ಪ್ರಾಕೃತ ಹಾಗೂ ಸಂಸ್ಕೃತ, ಲಿಪಿ ಮಾತ್ರ ಹಳಗನ್ನಡ. ಭಕ್ತರು ಆ ಓಲೆಗಳನ್ನು ದರ್ಶನ ಮಾಡಿ ಹೋಗುತ್ತಿದ್ದರೇ ವಿನಾ ಓದುತ್ತಿರಲಿಲ್ಲ. 19ನೆಯ ಶತಮಾನದ ಕೊನೆಗೆ ಪ್ರತಿಲಿಪಿ ಮಾಡುವ ಕಾರ್ಯ ಆರಂಭವಾಗಿ, ನಾಗರಿಗೂ ಹೊಸಗನ್ನಡ ಲಿಪಿಗೂ ಪಾಠವನ್ನು ಇಳಿಸಲಾಯಿತು. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಹಳೆಯ ಲಿಪಿಯನ್ನು ಬಲ್ಲ ಪಂಡಿತರು ಇರುವಾಗಲೇ ಈ ಕೆಲಸ ನಡೆದುದು ಸುದೈವ.

ಓದುವ ವ್ಯಕ್ತಿಯ ಬದಲು ಓದುವ ಯಂತ್ರವೇ ಮರೆಯಾದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ನಿದರ್ಶನವುಂಟು. ಒಂದನೆಯ ವಿಲಿಯಂ ದೊರೆಯು 1086ರಲ್ಲಿ ಮಾಡಿಸಿದ ಭೂಮಿ ಮೋಜಣಿಯ ದಾಖಲೆಯೇ ಡೂಮ್ಸ್‌ಡೇ ಗ್ರಂಥ. ಚರ್ಮಪತ್ರದ ಆ ಹಾಳೆಗಳನ್ನು ಇಂದಿಗೂ ಓದಬಹುದು. ಅದರ 900ನೆಯ ವರ್ಷದ ನೆನಪಿಗಾಗಿ 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯು ನಾಡಿನ ಜನಜೀವನದ ಬರಹ, ನಕ್ಷೆ ಹಾಗೂ ಛಾಯಾಚಿತ್ರಗಳನ್ನು ಸಂಗ್ರಹಿಸಿ ಲೇಸರ್ ತಟ್ಟೆಗಳಲ್ಲಿ ಅಡಗಿಸಿತು. ತಟ್ಟೆಗಳು ಕೆಡಲಿಲ್ಲ, ಅವನ್ನು ನುಡಿಸುವ ಯಂತ್ರಗಳು ಬಳಕೆ ತಪ್ಪಿದವು. 2002ರ ವೇಳೆಗೆ ವಿದ್ವಾಂಸರು ಹಳೆಯ ಯಂತ್ರದ ನಡೆಯನ್ನು ಹೊಸ ಯಂತ್ರದಲ್ಲಿ ಅನುಕರಿಸಿ ಆ ಸಾಮಗ್ರಿಯನ್ನು ಮರಳಿ ಪಡೆಯಬೇಕಾಯಿತು. 900 ವರ್ಷ ಬಾಳಿದ ಗ್ರಂಥದ ಸ್ಮಾರಕಕ್ಕೆ 16 ವರ್ಷಗಳಲ್ಲೇ ಈ ಗತಿ ಬಂದಿತು.

ಕನ್ನಡದಲ್ಲಿ ಇದೇ ಸಂಕಟ ಅಕ್ಷರಗಳ ಮೂಲಕ ಬಂದಿದೆ. 1991ರಲ್ಲಿ ಹೊರಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ಮುದ್ರಣದಲ್ಲಿ ಬಹುಕಾಲ ಬೇರೆ ಪದ್ಧತಿ ನಡೆಯಿತು: ತಲೆಕಟ್ಟು, ಗುಣಿತ, ಒತ್ತು ಮೊದಲಾದ ತುಣುಕುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ ಫಾಂಟುಗಳು. ಒಂದೊಂದು ತಂತ್ರಾಂಶಕ್ಕೂ ಒಂದೊಂದು ಜೋಡಣೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಡತವು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಪರಿವರ್ತಕ ತಂತ್ರಾಂಶಗಳು ದೊರೆಯುತ್ತವೆ. ಆದರೆ ಮೂಲ ಜೋಡಣೆ ಯಾವುದೆಂದು ತಿಳಿದವರು ಇರುವಾಗಲೇ ಪರಿವರ್ತನೆ ಸುಲಭ. ಮೂಡಬಿದಿರೆಯ ಪ್ರತಿಲಿಪಿಕಾರರ ಕೆಲಸಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಈ ಇತಿಹಾಸದಿಂದ ಹೊರಡುವ ವಿಧಿಗಳು ಸರಳವಾದವು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚುರಪಡಿಸಿದ ಸೂತ್ರದಂತೆ 3 ಪ್ರತಿಗಳು, 2 ಬಗೆಯ ಮಾಧ್ಯಮಗಳು, 1 ಪ್ರತಿ ಬೇರೆ ಸ್ಥಳದಲ್ಲಿ. ಇದು ಅತ್ತಿಮಬ್ಬೆಯ ಮಾರ್ಗವೇ. ಕಡತದ ಹೆಸರು ವರ್ಷ, ತಿಂಗಳು, ದಿನಾಂಕ ಎಂಬ ಕ್ರಮದಲ್ಲಿ ಆರಂಭವಾದರೆ ಪಟ್ಟಿಯು ತಾನಾಗಿಯೇ ಕಾಲಾನುಕ್ರಮಕ್ಕೆ ಬರುತ್ತದೆ. ಜೆಪೆಗ್ ಚಿತ್ರವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದಷ್ಟೂ ಸೂಕ್ಷ್ಮಾಂಶಗಳು ನಷ್ಟವಾಗುವುದರಿಂದ ಮೂಲವನ್ನು ಮುಟ್ಟದೆ ಪ್ರತಿಯನ್ನೇ ತಿದ್ದಬೇಕು. ಬ್ಯಾಂಕಿನಲ್ಲಿ ವರ್ಷಾಂತ್ಯಕ್ಕೆ ಖಾತೆಗಳನ್ನು ತಾಳೆ ನೋಡುವಂತೆ ಪ್ರತಿಗಳನ್ನೂ ವರ್ಷಕ್ಕೊಮ್ಮೆ ತೆರೆದು ತಾಳೆ ನೋಡಬೇಕು. ಪ್ರತಿಯೊಂದು ಕಡತಕ್ಕೂ ಗಣಿಸಿಟ್ಟ ತಾಳೆಸಂಖ್ಯೆಯು ಒಂದು ಅಕ್ಷರ ಬದಲಾದರೂ ತಿಳಿಸಿಕೊಡುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಒಂದು ಸೂಚಿಯನ್ನು ಯೂನಿಕೋಡ್‌ನಲ್ಲಿ ಬರೆದು ಕಾಗದದ ಮೇಲೂ ಮುದ್ರಿಸಿಡಬೇಕು.

ಹೊರನಾಡ ಕನ್ನಡ ಸಂಘಗಳಿಗೆ ಇದು ದೂರದ ವಿಚಾರವಲ್ಲ. ನಾಟಕ, ನಾಡಹಬ್ಬ, ಕನ್ನಡ ಶಾಲೆಗಳ ಛಾಯಾಚಿತ್ರಗಳನ್ನು ಯಂತ್ರಕ್ಕೆ ಏರಿಸುವ ಕೆಲಸ ಅಲ್ಲಲ್ಲಿ ನಡೆಯುತ್ತಿದೆ. ಚಿತ್ರವನ್ನು ಏರಿಸಲು ಕೆಲವು ಕ್ಷಣಗಳು ಸಾಕು; ಅದರಲ್ಲಿ ನಿಂತವರ ಹೆಸರು, ಊರು, ಸಂದರ್ಭಗಳನ್ನು ಯಾವ ಯಂತ್ರವೂ ತಾನಾಗಿ ಬಲ್ಲದಲ್ಲ. ಅವನ್ನು ಹೇಳಬಲ್ಲ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಹೆಸರಿಲ್ಲದ ಚಿತ್ರವು 3 ಪ್ರತಿಗಳಲ್ಲಿ ಉಳಿದರೂ ಓದುವವರಿಲ್ಲದ ಓಲೆಗೆ ಸಮಾನ. ಆದುದರಿಂದ ಮೊದಲು ಹೆಸರುಗಳನ್ನು ಬರೆದುಕೊಳ್ಳುವುದು, ಅನಂತರ ಪ್ರತಿ ಮಾಡುವುದು ಯುಕ್ತವಾದ ಕ್ರಮ.