ಬಾಳೆಹಣ್ಣಿನ ರೆಕಾರ್ಡು, ಪ್ರಾಗ್‌ನ ಸೆರೆಮನೆ

ರಾಕ್ ಸಂಗೀತವೆಂದರೆ ಕಿವಿಗಡಚಿಕ್ಕುವ ಗದ್ದಲ, ಹರೆಯದವರ ಮೋಜು ಎಂದು ಮೂಗು ಮುರಿಯುವವರು ನಮ್ಮಲ್ಲಿ ಹೆಚ್ಚು. ಆದರೆ ಈ ಗದ್ದಲಕ್ಕೆ ಹೆದರಿ ಸರ್ಕಾರವೊಂದು ಸಂಗೀತಗಾರರನ್ನು ಸೆರೆಗೆ ತಳ್ಳಿದ್ದೂ, ಅದರಿಂದಲೇ ದೊಡ್ಡದೊಂದು ಪ್ರತಿರೋಧ ಹುಟ್ಟಿದ್ದೂ ಉಂಟು. ನನಗೆ ಅಚ್ಚುಮೆಚ್ಚಾದ ಎರಡು ಆಲ್ಬಂಗಳು ಈ ಚರಿತ್ರೆಗೆ ಸೇರಿದವು.

ಮೊದಲನೆಯದು, ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡ ಜರ್ಮನ್ ಗಾಯಕಿ ನಿಕೊ ಜೊತೆಗೂಡಿ 1967ರಲ್ಲಿ ಹೊರತಂದ ರೆಕಾರ್ಡು. ಕಲಾವಿದ ಆಂಡಿ ವಾರ್ಹಾಲ್ ಅದರ ಹೊದಿಕೆಗೆ ಬಾಳೆಹಣ್ಣಿನ ಚಿತ್ರ ಕೊಟ್ಟಿದ್ದ. ಮೊದಲ ಪ್ರತಿಗಳಲ್ಲಿ ಆ ಹಣ್ಣಿನ ಸಿಪ್ಪೆಯನ್ನು ಸುಲಿಯಲೂ ಬಹುದಿತ್ತು! ಒಳಗಿನ ಸಂಗೀತ ಮಾತ್ರ ಅಷ್ಟು ಸಿಹಿಯಲ್ಲ. ಜಾನ್ ಕೇಲ್‌ನ ವಿಯೋಲಾ ಒಂದೇ ಸ್ವರವನ್ನು ಹಿಡಿದು ಎಳೆಯುತ್ತಾ ಹೋಗುತ್ತದೆ. ತಂಬೂರಿಯ ಶ್ರುತಿಗೆ ಒಗ್ಗಿದ ಕಿವಿಗೆ ಇದು ತೀರ ಅಪರಿಚಿತವಲ್ಲ. ಆದರೆ ತಂಬೂರಿ ಮನಸ್ಸನ್ನು ನೆಲೆಗೊಳಿಸಿದರೆ ಈ ವಿಯೋಲಾ ಕೆದಕುತ್ತದೆ. ಲೂ ರೀಡ್ ಹಾಡುವುದು ಮಾದಕವ್ಯಸನಿಗಳ, ನಗರದ ಬೀದಿಗಳ ಬದುಕನ್ನು. ಅಲ್ಲಿ ಉಪದೇಶವೂ ಇಲ್ಲ, ಮರುಕವೂ ಇಲ್ಲ. ರೆಕಾರ್ಡು ಆಗ ಹೆಚ್ಚು ಮಾರಾಟವಾಗಲಿಲ್ಲ.

ಅಮೆರಿಕದ ಮಾರುಕಟ್ಟೆ ಕಡೆಗಣಿಸಿದ ಈ ಸಂಗೀತಕ್ಕೆ ಕಿವಿಗೊಟ್ಟವರಲ್ಲಿ ಜೆಕೊಸ್ಲೊವಾಕಿಯದ ಕೆಲವು ತರುಣರಿದ್ದರು. 1968ರ ಆಗಸ್ಟಿನಲ್ಲಿ ಸೋವಿಯತ್ ನೇತೃತ್ವದ ಸೇನೆ ಆ ದೇಶಕ್ಕೆ ನುಗ್ಗಿತು. ಅದೇ ವರ್ಷ ಪ್ರಾಗ್‌ನಲ್ಲಿ 'ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್' ಎಂಬ ತಂಡ ಹುಟ್ಟಿಕೊಂಡಿತು. ಈ ತಂಡ ವೆಲ್ವೆಟ್ ಅಂಡರ್‌ಗ್ರೌಂಡಿನ ಹಾಡುಗಳನ್ನೂ ನುಡಿಸುತ್ತಿತ್ತು. ಅಲ್ಲಿ ವೃತ್ತಿಪರವಾಗಿ ಹಾಡಲು ಸರ್ಕಾರದ ಪರವಾನಗಿ ಬೇಕಿತ್ತು. 1970ರಲ್ಲಿ ಅದು ರದ್ದಾಯಿತು. ಆಮೇಲೆ ಮದುವೆಯ ನೆಪದಲ್ಲಿ, ಹಳ್ಳಿಗಳ ಮರೆಯಲ್ಲಿ ಕಚೇರಿಗಳು ನಡೆದವು.

ನನ್ನ ಮೆಚ್ಚಿನ ಎರಡನೆಯ ಆಲ್ಬಂ ಇವರದೇ. ನಿಷೇಧಿತ ಕವಿ ಎಗೊನ್ ಬಾಂಡಿಯ ಪದ್ಯಗಳನ್ನು 1974-75ರಲ್ಲಿ ಗುಟ್ಟಾಗಿ ಧ್ವನಿಮುದ್ರಿಸಿದರು. 1978ರಲ್ಲಿ ಅದು ಹೊರಬಂದದ್ದು ಪಶ್ಚಿಮ ಯೂರೋಪಿನಲ್ಲಿ. ಬೀಟಲ್ಸರ 'ಸಾರ್ಜೆಂಟ್ ಪೆಪರ್' ಹೆಸರನ್ನು ಅಣಕಿಸುವ ಶೀರ್ಷಿಕೆಯಲ್ಲಿ 'ಬ್ಯಾಂಡ್' ಎಂಬ ಪದ ನಿಷೇಧಿತ ಎಂಬರ್ಥದ 'ಬ್ಯಾನ್ಡ್' ಆಗಿದೆ. ಒರಟು ಮುದ್ರಣ, ಗೊಗ್ಗರು ದನಿ, ನರಳುವ ಸ್ಯಾಕ್ಸೊಫೋನ್. ಭಾಷೆ ತಿಳಿಯದಿದ್ದರೂ ಕಿಟಕಿ ಮುಚ್ಚಿದ ಕೋಣೆಯ ಉಸಿರುಗಟ್ಟು ಕೇಳುವವನಿಗೆ ತಟ್ಟುತ್ತದೆ. ವಿಶೇಷವೆಂದರೆ, ಇದರಲ್ಲಿ ರಾಜಕೀಯ ಘೋಷಣೆಗಳಿಲ್ಲ.

ಆದರೂ 1976ರ ಮಾರ್ಚಿಯಲ್ಲಿ ಪೊಲೀಸರು ಈ ಬಳಗದ ಹಲವರನ್ನು ಬಂಧಿಸಿದರು. ಶಾಂತಿಭಂಗದ ಆರೋಪದ ಮೇಲೆ, ತಂಡದ ಮಾರ್ಗದರ್ಶಕ ಇವಾನ್ ಯಿರೌಸ್ ಸೇರಿ ನಾಲ್ವರಿಗೆ 8ರಿಂದ 18 ತಿಂಗಳ ಸಜೆಯಾಯಿತು. ನಾಟಕಕಾರ ವಾಕ್ಲಾವ್ ಹಾವೆಲ್ ಇವರ ಪರ ನಿಂತರು. ಹಾವೆಲ್‌ರ ವಾದ ಸರಳವಾಗಿತ್ತು: ತಮ್ಮ ಪಾಡಿಗೆ ತಾವು ಹಾಡುವವರ ಸ್ವಾತಂತ್ರ್ಯ ಹೋದರೆ ಉಳಿದವರದೂ ಉಳಿಯದು. ಈ ಮೊಕದ್ದಮೆಯ ಹಿನ್ನೆಲೆಯಲ್ಲೇ 1977ರ ಜನವರಿಯಲ್ಲಿ ಮಾನವ ಹಕ್ಕುಗಳ 'ಚಾರ್ಟರ್ 77' ಹೊರಬಂತು. ಅದರ ವಕ್ತಾರರಲ್ಲೊಬ್ಬರಾದ ದಾರ್ಶನಿಕ ಯಾನ್ ಪಾತೊಚ್ಕಾ ಪೊಲೀಸರ ಸುದೀರ್ಘ ವಿಚಾರಣೆಗಳ ಬಳಿಕ ಮಾರ್ಚಿಯಲ್ಲಿ ತೀರಿಕೊಂಡರು. ಹಾವೆಲ್ ವರ್ಷಗಟ್ಟಲೆ ಸೆರೆಯಲ್ಲಿದ್ದರು.

1989ರಲ್ಲಿ ಆ ಆಡಳಿತ ಕುಸಿಯಿತು. ಡಿಸೆಂಬರಿನಲ್ಲಿ ಹಾವೆಲ್ ರಾಷ್ಟ್ರಾಧ್ಯಕ್ಷರಾದರು. ಮರುವರ್ಷ ಪ್ರಾಗ್‌ಗೆ ಬಂದು ಅವರನ್ನು ಕಂಡವರಲ್ಲಿ ಲೂ ರೀಡ್ ಒಬ್ಬ. ಗದ್ದಲ ಸರ್ಕಾರವನ್ನು ಉರುಳಿಸಿತೆಂದರೆ ಅತಿಶಯೋಕ್ತಿ. ಆದರೆ ಗದ್ದಲ ಮಾಡುವವರನ್ನೂ ಬಿಟ್ಟುಕೊಡಬಾರದೆಂದು ಕೆಲವರಿಗೆ ಅನ್ನಿಸಿತಲ್ಲ, ಚರಿತ್ರೆಯ ದಿಕ್ಕು ಬದಲಾಗತೊಡಗಿದ್ದು ಅಲ್ಲಿ.