ಚಕ್ರ, ಬಾಗಿಲು, ನಮೂನೆ

ಮನೆಯೊಳಗಿನ ಹಿಂಸೆಯ ವಿರುದ್ಧದ ಹೋರಾಟವನ್ನು ನಾವು ಸಾಮಾನ್ಯವಾಗಿ ಕಾನೂನುಗಳ ಇತಿಹಾಸವಾಗಿಯೇ ಓದುತ್ತೇವೆ. ಆದರೆ ನೊಂದವಳು ಕಾನೂನಿನ ಹೊಸ್ತಿಲನ್ನು ತಲುಪುವ ಮೊದಲು ಒಂದು ಚಿತ್ರವೋ, ಒಂದು ಕೋಣೆಯೋ, ಒಂದು ಕಾಗದವೋ ಅವಳಿಗೆ ನೆರವಾಗಬೇಕಾಗುತ್ತದೆ. ಅವುಗಳನ್ನು ರೂಪಿಸಿದವರ ವಿವೇಕಕ್ಕೂ ಒಂದು ಇತಿಹಾಸವಿದೆ.

ಅಮೆರಿಕದ ಮಿನ್ನೆಸೋಟಾ ರಾಜ್ಯದ ಡುಲೂತ್ ನಗರದಲ್ಲಿ 1984ರಲ್ಲಿ ಒಂದು ಚಕ್ರದ ಚಿತ್ರವನ್ನು ರಚಿಸುವ ಕೆಲಸ ಆರಂಭವಾಯಿತು. ಹಿಂಸೆ ಅನುಭವಿಸಿದ ಮಹಿಳೆಯರು ಗುಂಪುಗಳಲ್ಲಿ ಕುಳಿತು ಹೇಳಿಕೊಂಡ ಮಾತುಗಳೇ ಅದಕ್ಕೆ ಆಧಾರ. ಚಕ್ರದ ನಡುವೆ ‘ಅಧಿಕಾರ ಮತ್ತು ಹತೋಟಿ’ ಎಂಬ ಪದಗಳು. ಸುತ್ತಲಿನ ಎಂಟು ಭಾಗಗಳಲ್ಲಿ ಬೆದರಿಸುವುದು, ಬಂಧುಮಿತ್ರರಿಂದ ದೂರವಿಡುವುದು, ಹಣವನ್ನು ತಡೆಹಿಡಿಯುವುದು, ಮಕ್ಕಳನ್ನು ಮುಂದಿಟ್ಟುಕೊಂಡು ಕಾಡುವುದು ಮುಂತಾದ ನಡೆಗಳು. ಹೊರಗಿನ ಬಳೆಯಲ್ಲಿ ದೈಹಿಕ ಮತ್ತು ಲೈಂಗಿಕ ಹಿಂಸೆ. ಹೊಡೆತವೆಂಬುದು ಸಿಟ್ಟಿನ ಭರದಲ್ಲಿ ಒಮ್ಮೆ ನಡೆದುಹೋಗುವ ಸಂಗತಿಯಲ್ಲ, ಅದೊಂದು ವ್ಯವಸ್ಥೆ ಎಂಬುದನ್ನು ಆ ಚಿತ್ರ ಒಂದೇ ನೋಟಕ್ಕೆ ತೋರಿಸಿತು. ಆದರೆ ಒಂದೇ ಚಕ್ರ ಎಲ್ಲ ಬಂಡಿಗಳಿಗೂ ಹೊಂದುವುದಿಲ್ಲ. ಆರೈಕೆ ಮಾಡುವವರನ್ನೇ ಅವಲಂಬಿಸಿದ ಅಂಗವಿಕಲರು, ಕಿವುಡರು, ಸಲಿಂಗ ಸಂಗಾತಿಗಳು ಎದುರಿಸುವ ಹಿಂಸೆಯ ಬಗೆಗಳೇ ಬೇರೆ. ಆದುದರಿಂದಲೇ ಮುಂದೆ ಅವರವರ ಅನುಭವಕ್ಕೆ ತಕ್ಕ ಚಕ್ರಗಳೂ ರೂಪುಗೊಂಡವು.

ಭಾರತದಲ್ಲಿ ಇದೇ ವಿವೇಕ ಒಂದು ಬಾಗಿಲಿನ ಆಯ್ಕೆಯಲ್ಲಿ ಕಾಣಿಸಿತು. ಮುಂಬಯಿ ಮಹಾನಗರಪಾಲಿಕೆಯೂ ‘ಸೆಹತ್’ ಸಂಸ್ಥೆಯೂ ಕೂಡಿ 2000ದಲ್ಲಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ‘ದಿಲಾಸಾ’ ಕೇಂದ್ರವನ್ನು ತೆರೆದವು. ಪೊಲೀಸ್ ಠಾಣೆಗೆ ಹೋದವಳನ್ನು ಮನೆಯವರು ಪ್ರಶ್ನಿಸುತ್ತಾರೆ; ಆಸ್ಪತ್ರೆಗೆ ಹೊರಟವಳನ್ನು ಅಷ್ಟಾಗಿ ತಡೆಯುವುದಿಲ್ಲ. ಮೈಮೇಲಿನ ಗಾಯವನ್ನು ಮೊದಲು ಕಾಣುವವರೂ ಅಲ್ಲಿನ ವೈದ್ಯರು ಮತ್ತು ದಾದಿಯರೇ. ಆ ಗಾಯದ ಹಿಂದಿನ ಕಥೆಯನ್ನು ಗುರುತಿಸುವಂತೆ ಅವರಿಗೆ ತರಬೇತಿ ನೀಡಲಾಯಿತು. ಹೊಸ ಕಟ್ಟಡ ಕಟ್ಟುವುದಕ್ಕಿಂತ, ಹೆಂಗಸರು ಈಗಾಗಲೇ ನಡೆಯುತ್ತಿದ್ದ ದಾರಿಯಲ್ಲೇ ನೆರವನ್ನು ತಂದಿರಿಸಿದ್ದು ಇಲ್ಲಿನ ಜಾಣ್ಮೆ.

ಮೂರನೆಯದು ಕಾಗದ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005 ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ ನಿಯಮಗಳ ಜೊತೆಗಿರುವ ಒಂದನೆಯ ನಮೂನೆ ಘಟನೆಯ ವರದಿಗಾಗಿ ಇರುವುದು. ಕಚೇರಿಯ ನಮೂನೆಗಳ ನಡುವೆಯೇ ದಿನ ಕಳೆಯುವ ನನಗೆ ಅದನ್ನು ಓದುವಾಗ ಅಚ್ಚರಿಯಾಯಿತು. ಶೀಲದ ಮೇಲೆ ಆಪಾದನೆ, ಗಂಡು ಮಗು ಹೆರಲಿಲ್ಲವೆಂಬ ಮೂದಲಿಕೆ, ಖರ್ಚಿಗೆ ಹಣ ಕೊಡದಿರುವುದು ಇವೆಲ್ಲ ಅಲ್ಲಿ ಹೆಸರು ಹೆಸರಾಗಿ ನಮೂದಾಗಿವೆ. ‘ಸಂಸಾರದಲ್ಲಿ ಇದೆಲ್ಲ ಇದ್ದದ್ದೇ’ ಎಂದು ನುಂಗಿಕೊಂಡದ್ದಕ್ಕೆ ಸರ್ಕಾರಿ ಕಾಗದವೊಂದು ಹಿಂಸೆ ಎಂದು ಹೆಸರಿಟ್ಟಿದೆ. ಸಹಿ ಮಾಡಲಾರದವರಿಗೆ ಹೆಬ್ಬೆಟ್ಟಿಗೂ ಅಲ್ಲಿ ಜಾಗವಿದೆ.

ನೆರೆಯವರನ್ನೂ ಒಳಗೊಂಡದ್ದು 2008ರ ‘ಬೆಲ್ ಬಜಾವೋ’ ಅಭಿಯಾನ. ಕೂಗಾಟ ಕೇಳಿದೊಡನೆ ಪಕ್ಕದ ಮನೆಯ ಕರೆಗಂಟೆ ಒತ್ತಿ, ಸ್ವಲ್ಪ ಹಾಲು ಕೇಳುವ ನೆಪದಲ್ಲಿ ಎದುರಿಗೆ ನಿಲ್ಲುವುದು; ಜಗಳವಿಲ್ಲ, ಉಪದೇಶವಿಲ್ಲ. ಯಾರೋ ಕೇಳಿಸಿಕೊಂಡಿದ್ದಾರೆ ಎಂಬುದು ಒಳಗಿರುವವನಿಗೆ ತಿಳಿದರೆ ಸಾಕು.

ಈ ನಾಲ್ಕಕ್ಕೂ ಹೊರಗುಳಿಯುವವರು ಇಂದಿಗೂ ಇದ್ದಾರೆ. ಊರು ಬಿಟ್ಟು ಪರಭಾಷೆಯ ನಗರಕ್ಕೆ ಮದುವೆಯಾಗಿ ಬಂದ ಕನ್ನಡದ ಹೆಣ್ಣುಮಗಳಿಗೆ ಬಾಗಿಲು ಕಂಡರೂ ಒಳಗೆ ಹೋಗಿ ಯಾವ ನುಡಿಯಲ್ಲಿ ದೂರಬೇಕೆಂಬುದು ತೋಚದಿರಬಹುದು. ಹೊರನಾಡಿನ ನಮ್ಮ ಕನ್ನಡ ಸಂಘಗಳ ಸೂಚನಾಫಲಕಗಳಲ್ಲಿ ನಾಟಕ, ನಾಡಹಬ್ಬಗಳ ಪ್ರಕಟಣೆಗಳ ಪಕ್ಕದಲ್ಲಿ 181 ಎಂಬ ಮಹಿಳಾ ಸಹಾಯವಾಣಿಯ ಸಂಖ್ಯೆಯೂ, ಅವಳ ಪರವಾಗಿ ಮಾತನಾಡಬಲ್ಲವರು ಇಲ್ಲಿದ್ದಾರೆಂಬ ಕನ್ನಡದ ಎರಡು ಸಾಲೂ ಇರಬೇಕು.