ಪಾಠ ಮನೆಯಲ್ಲಿ, ಹೋಮ್‌ವರ್ಕ್ ಶಾಲೆಯಲ್ಲಿ

ಕಾಪು ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು, ಈ ವರ್ಷ ಒಂಬತ್ತನೇ ತರಗತಿಯ ‘ಬಲ ಮತ್ತು ಚಲನೆಯ ನಿಯಮಗಳು’ ಪಾಠವನ್ನು ಮಗುಚಿ ಹಾಕಿ ನೋಡಬೇಕೆಂದಿದ್ದೇನೆ. ಮಗುಚುವುದೆಂದರೆ ಕಾವಲಿಯ ಮೇಲಿನ ದೋಸೆಯನ್ನು ಮಗುಚಿದಂತೆಯೇ. ಶಾಲೆಯಲ್ಲಿ ನಾನು ಕೊಡುತ್ತಿದ್ದ ವಿವರಣೆಯನ್ನು ಮಕ್ಕಳು ಮನೆಯಲ್ಲಿ ಮೊದಲೇ ನೋಡಿ ಅಥವಾ ಓದಿ ಬರಬೇಕು. ಮನೆಯಲ್ಲಿ ಒಂಟಿಯಾಗಿ ಕುಳಿತು ಮಾಡುತ್ತಿದ್ದ ಲೆಕ್ಕ, ಪ್ರಶ್ನೆಗಳನ್ನು ಎಲ್ಲರೂ ಕೂಡಿ ತರಗತಿಯಲ್ಲಿ ಮಾಡಬೇಕು. ‘ಫ್ಲಿಪ್ಡ್ ಕ್ಲಾಸ್‌ರೂಮ್’ ಎಂಬ ಹೆಸರಿನಲ್ಲಿ ಇದು ಈಗ ಶಿಕ್ಷಕರ ತರಬೇತಿಗಳಲ್ಲೆಲ್ಲ ಕೇಳಿಬರುತ್ತದೆ.

ತಯಾರಿಗೆ ಕುಳಿತೊಡನೆ ಎದುರಾದದ್ದು ಮೊಬೈಲಿನ ಪ್ರಶ್ನೆ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬ ‘ಸರ್, ವಿಡಿಯೋ ನಾನೇ ಮಾಡಿಕೊಡುತ್ತೇನೆ’ ಎಂದ. ಆದರೆ ನೋಡುವವರು ಯಾರು? ನನ್ನ ತರಗತಿಯ ಹಲವರ ಮನೆಯಲ್ಲಿರುವುದು ಒಂದೇ ಫೋನು. ಅದು ಅಪ್ಪನ ಜೊತೆ ಮಲ್ಪೆಯ ದೋಣಿಯಲ್ಲಿ ಸಮುದ್ರದ ಮೇಲಿರುತ್ತದೆ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಇದನ್ನು ನಾವೆಲ್ಲ ಕಂಡೆವು. ಕಾರ್ಕಳದ ಕಡೆ ಘಟ್ಟದ ಬುಡದ ಊರುಗಳಲ್ಲಿ ಫೋನಿದ್ದವರೂ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾಯಿತು. ಕೊನೆಗೆ ಚಂದನ ವಾಹಿನಿಯ ‘ಸಂವೇದ’ ಪಾಠಗಳು ಬಂದವು, ‘ವಿದ್ಯಾಗಮ’ದಲ್ಲಿ ಶಿಕ್ಷಕರೇ ಊರೂರಿಗೆ ಹೋದರು. ಮಗುಚಿದ ತರಗತಿಗೆ ವಿಡಿಯೋ ಬೇಕೇ ಬೇಕು ಎಂದಾದರೆ, ಹಿಂದಿನ ಬೆಂಚಿನವರನ್ನು ನಾನೇ ಇನ್ನಷ್ಟು ಹಿಂದಕ್ಕೆ ತಳ್ಳಿದಂತಾಗುತ್ತದೆ. ಹೀಗಾಗಿ ಈ ಪದ್ಧತಿ ಎಲ್ಲಿಂದ ಬಂತು ಎಂದು ಹುಡುಕತೊಡಗಿದೆ.

ಈಗಿನ ರೂಪಕ್ಕೆ ಸಾಮಾನ್ಯವಾಗಿ ಹೇಳುವ ಹುಟ್ಟೂರು ಅಮೆರಿಕದ ಕೊಲರಾಡೋ ರಾಜ್ಯದ ವುಡ್‌ಲ್ಯಾಂಡ್ ಪಾರ್ಕ್. ಅಲ್ಲಿನ ಹೈಸ್ಕೂಲಿನ ರಸಾಯನ ವಿಜ್ಞಾನದ ಶಿಕ್ಷಕರಾದ ಜೊನಾಥನ್ ಬರ್ಗ್‌ಮನ್ ಮತ್ತು ಏರನ್ ಸ್ಯಾಮ್ಸ್ 2007ರಲ್ಲಿ ತಮ್ಮ ಪಾಠಗಳನ್ನು ಮುದ್ರಿಸಿ ಅಂತರಜಾಲದಲ್ಲಿ ಹಾಕತೊಡಗಿದರು. ಕಾರಣ ಸರಳ: ಆಟೋಟದ ಪಂದ್ಯಗಳಿಗೆಂದು ದೂರ ಹೋಗುವ ಮಕ್ಕಳಿಗೆ ಪಾಠ ತಪ್ಪುತ್ತಿತ್ತು. (ಸುಗ್ಗಿ ಮಾರಿಪೂಜೆಯ ದಿನ ಕಾಪುವಿನಲ್ಲಿ ಹಾಜರಿ ಕರೆದ ಯಾವ ಶಿಕ್ಷಕರಿಗೂ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.) ಪಾಠ ಹೀಗೆ ಹೊರಗೇ ಸಿಗುವುದಾದರೆ ತರಗತಿಯಲ್ಲಿ ಅದನ್ನೇ ಮತ್ತೆ ಹೇಳುವುದೇಕೆ ಎಂಬ ಯೋಚನೆ ಅವರಿಗೆ ಆಮೇಲೆ ಬಂತು.

ಆದರೆ ಅವರೇ ಮೊದಲಿಗರಲ್ಲ. 2000ದಲ್ಲಿಯೇ ಒಹಾಯೋದ ಮಯಾಮಿ ವಿಶ್ವವಿದ್ಯಾಲಯದ ಲೇಜ್, ಪ್ಲಾಟ್ ಮತ್ತು ಟ್ರೆಗ್ಲಿಯಾ ಅರ್ಥಶಾಸ್ತ್ರದ ತರಗತಿಯನ್ನು ‘ತಲೆಕೆಳಗು’ ಮಾಡಿದ್ದನ್ನು ಲೇಖನವಾಗಿ ಪ್ರಕಟಿಸಿದ್ದರು. ಅವರು ಬಳಸಿದ್ದರಲ್ಲಿ ವಿಡಿಯೋ ಟೇಪುಗಳಿದ್ದವು. ಇನ್ನೂ ಹಿಂದೆ ಹೋದರೆ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿ ಸಿಗುತ್ತದೆ. 1817ರಿಂದ 1833ರವರೆಗೆ ಅದರ ಮುಖ್ಯಸ್ಥರಾಗಿದ್ದ ಸಿಲ್ವೇನಸ್ ಥೇಯರ್ ಅಲ್ಲಿ ಒಂದು ಕಟ್ಟುಪಾಡು ತಂದರು. ವಿದ್ಯಾರ್ಥಿಗಳು ಹಿಂದಿನ ರಾತ್ರಿಯೇ ಪಠ್ಯ ಓದಿಕೊಂಡು ಬರಬೇಕು. ತರಗತಿಯಲ್ಲಿ ಉಪನ್ಯಾಸವಿಲ್ಲ, ಪ್ರತಿಯೊಬ್ಬನೂ ಕಪ್ಪುಹಲಗೆಯ ಮುಂದೆ ನಿಂತು ಲೆಕ್ಕ ಬಿಡಿಸಿ ತನ್ನ ದಾರಿಯನ್ನು ವಿವರಿಸಬೇಕು, ಅದಕ್ಕೆ ಅಂಕ. ವಿದ್ಯುತ್ತೇ ಇಲ್ಲದ ಕಾಲದ ಮಾತಿದು. ಅವರ ವಿಡಿಯೋ ಅಂದರೆ ಪುಸ್ತಕ!

ಇದನ್ನು ಓದಿದಾಗ ನನ್ನ ಅರ್ಧ ಚಿಂತೆ ಇಳಿಯಿತು. ಉಳಿದರ್ಧ, ಥೇಯರ್ ಅವರ ತರಗತಿಗಳು ಹತ್ತು ಹದಿನೈದು ಜನರವು; ನನ್ನದು ನಲವತ್ತೆರಡು ಮಕ್ಕಳದ್ದು. ಎಲ್ಲರನ್ನೂ ಹಲಗೆಗೆ ಕರೆದರೆ ಪಾಠ ದೀಪಾವಳಿಗೂ ಮುಗಿಯದು.

ಈ ಗಂಟನ್ನು ಬಿಡಿಸಿದವರು ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್. ತಾವು ಚೆನ್ನಾಗಿ ಕಲಿಸುತ್ತೇವೆಂದೇ ಅವರು ನಂಬಿದ್ದರು. 1990ರ ಸುಮಾರಿಗೆ ಬಲದ ಬಗ್ಗೆ ಸೂತ್ರವಿಲ್ಲದ, ಬರೀ ಮಾತಿನ ಪ್ರಶ್ನೆಗಳನ್ನು ಕೊಟ್ಟು ನೋಡಿದರೆ, ಕಷ್ಟದ ಲೆಕ್ಕ ಬಿಡಿಸುವವರೂ ತಪ್ಪಿದರು. ಅಂಥ ಒಂದು ಪ್ರಶ್ನೆಯನ್ನು ನಮ್ಮ ಹೆದ್ದಾರಿಗೆ ತಂದುಕೊಳ್ಳೋಣ. 12,000 ಕೆ.ಜಿ. ತೂಗುವ ಬಸ್ಸಿಗೂ ಜನ ತುಂಬಿದ 600 ಕೆ.ಜಿ.ಯ ಆಟೋರಿಕ್ಷಾಕ್ಕೂ ಮುಖಾಮುಖಿ ಡಿಕ್ಕಿಯಾಯಿತು. ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕಿತು? ‘ಬಸ್ಸು’ ಎನ್ನುತ್ತದೆ ಇಡೀ ತರಗತಿ, ನ್ಯೂಟನ್ನನ ಮೂರನೇ ನಿಯಮವನ್ನು ಬಾಯಿಪಾಠ ಒಪ್ಪಿಸಿದ ಮರುಕ್ಷಣವೇ. ಬಲ ಎರಡರ ಮೇಲೂ ಸಮ. ದ್ರವ್ಯರಾಶಿ ಇಪ್ಪತ್ತರಲ್ಲೊಂದು ಪಾಲು ಇರುವುದರಿಂದ ಆಟೋದ ವೇಗ ಬದಲಾಗುವ ದರ ಬಸ್ಸಿನದಕ್ಕಿಂತ ಇಪ್ಪತ್ತು ಪಟ್ಟು. ನಜ್ಜುಗುಜ್ಜಾಗುವುದು ಆಟೋ ಆದ್ದರಿಂದ ಬಲವೇ ಹೆಚ್ಚು ಬಿತ್ತೆಂದು ನಮಗೆ ತೋರುತ್ತದೆ.

1991ರಿಂದ ಮಜೂರ್ ಹಿಡಿದ ದಾರಿ ಇದು: ವಿದ್ಯಾರ್ಥಿಗಳು ಓದಿಕೊಂಡು ಬರುತ್ತಾರೆ. ತರಗತಿಯಲ್ಲಿ ಇಂಥದೊಂದು ಪ್ರಶ್ನೆ. ಮೊದಲು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಉತ್ತರ ಸೂಚಿಸುತ್ತಾರೆ. ಸರಿಯುತ್ತರ ಸುಮಾರು ಶೇ. 30ರಿಂದ 70ರ ನಡುವೆ ಇದ್ದರೆ ಪಕ್ಕದವರೊಡನೆ ವಾದಿಸಲು ಬಿಡುವುದು, ಮತ್ತೆ ಉತ್ತರ ಕೇಳುವುದು. ಆಗಷ್ಟೇ ಕಲಿತ ಗೆಳೆಯನಿಗೆ ತಾನು ಎಲ್ಲಿ ಎಡವಿದ್ದೆ ಎಂಬುದು ನೆನಪಿರುತ್ತದೆ. ವರ್ಷಗಟ್ಟಲೆ ಕಲಿಸಿದ ನಮಗೆ ಅದು ಮರೆತಿರುತ್ತದೆ.

ನಮ್ಮ ಉಡುಪಿ ಸೀಮೆಯವರಿಗೆ ಇದು ತೀರಾ ಹೊಸತೇನಲ್ಲ. ತಾಳಮದ್ದಳೆಯಲ್ಲಿ ಕಥೆ ಕೇಳಿ ತಿಳಿಯಲೆಂದು ಯಾರೂ ಬರುವುದಿಲ್ಲ. ಪ್ರಸಂಗ ಅರ್ಥಧಾರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಓದು ಮನೆಯಲ್ಲಿ ಆಗಿರುತ್ತದೆ. ಕೂಟದ ಸಮಯವೆಲ್ಲ ವಾದಕ್ಕೆ ಮೀಸಲು. ಮನೆಯಲ್ಲಿ ಕುಳಿತು ಕನ್ನಡದಲ್ಲೇ ವಿಜ್ಞಾನ ಓದಲು ಪುಸ್ತಕ ಒದಗಿಸಿದವರೂ ಇಲ್ಲಿಯವರೇ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು, ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಕೊಟ್ಟರು.

ಹೀಗಾಗಿ ವಿಡಿಯೋ ಆಮೇಲೆ ಬರಲಿ ಎಂದುಕೊಂಡಿದ್ದೇನೆ. ಸದ್ಯಕ್ಕೆ ಎರಡು ಪುಟದ ಪಾಠಪತ್ರ ಬರೆದು ಜೆರಾಕ್ಸ್ ಮಾಡಿಸಿದ್ದೇನೆ. ಕೊನೆಯಲ್ಲಿ ಒಂದೇ ಸೂಚನೆ: ಅರ್ಥವಾಗದ ಒಂದು ವಾಕ್ಯಕ್ಕೆ ಗೆರೆ ಹಾಕಿ ತನ್ನಿ. ಉತ್ತರ ತೋರಿಸಲು ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಎ, ಬಿ, ಸಿ ಚೀಟಿಗಳಾಗಿವೆ. ಓದದೆ ಬಂದವರನ್ನು ಏನು ಮಾಡುವುದು? ಥೇಯರ್ ಸೊನ್ನೆ ಕೊಡುತ್ತಿದ್ದರೇನೋ. ಸಂಜೆ ಮೀನು ಆರಿಸಲು, ಬೀಡಿ ಕಟ್ಟಲು ಕೂರುವ ಮಕ್ಕಳಿಗೆ ಸೊನ್ನೆ ಕೊಡುವ ಮನಸ್ಸು ನನಗಿಲ್ಲ. ಅವರಿಗೆ ಪಿರಿಯಡಿನ ಮೊದಲ ಹತ್ತು ನಿಮಿಷ, ಕಿಟಕಿಯ ಪಕ್ಕದ ಬೆಂಚು ಮತ್ತು ಅದೇ ಪಾಠಪತ್ರ. ಸೋಮವಾರ ಬೆಳಿಗ್ಗೆ ಬಸ್ಸು, ಆಟೋದಿಂದ ಆರಂಭ.